ನಾಲ್ಕು ಲಕ್ಷದ ಒಂಬತ್ತು ಸಾವಿರದ ನೂರ ಐವತ್ತೊಂಬತ್ತು

ಸೋಮವಾರ, ೩ ಫೆಬ್ರವರಿ ೧೯೩೬

ಇವರ ಮೇಜಿನ ಮೇಲೆ ಈ ಡೈರಿ ಖಾಲಿ ಬಿದ್ದಿತ್ತು. ನಾಳೆ ಕಾಮಸಮುದ್ರದ ಕಡೆಯ ನಮ್ಮ ಊರಿನಿಂದ ಅತ್ತೆ ಬರುತ್ತಾರೆ, ಅವರೆದುರು ಅಳುವಂತಿಲ್ಲ. ಪಕ್ಕದ ಮನೆಯವರು ಸಮಾಧಾನ ಹೇಳಲು ಬಂದು ತಮಗೆ ಗೊತ್ತಿರುವ ಗಣಿಯ ಸಾವುಗಳನ್ನೆಲ್ಲ ಹೇಳಿ ಹೋಗುತ್ತಾರೆ. ಅದಕ್ಕೆ ಇಲ್ಲಿ ಬರೆಯುತ್ತೇನೆ. ಯಾರೂ ಓದುವುದು ಬೇಡ.

ಶುಕ್ರವಾರ ಮಧ್ಯಾಹ್ನ ಚಿನ್ನದ ಗಣಿಯೊಳಗೆ ಬಂಡೆ ಸಿಡಿಯಿತು. ಇವರು ಸರ್ವೆ ಆಫೀಸಿನಲ್ಲಿ ನಕ್ಷೆ ಬರೆಯುವವರು. ದಿನಾ ಬೆಳಿಗ್ಗೆ ಬಂಗಾರಪೇಟೆಯಿಂದ ರೈಲಿನಲ್ಲಿ ಹೋಗಿ ಸಂಜೆ ಬರುತ್ತಾರೆ. ಆಫೀಸೇನೋ ನೆಲದ ಮೇಲೆ, ಆದರೆ ಆಗಾಗ ಅಳತೆ ಹಿಡಿಯಲು ಕೆಳಗೆ ಇಳಿಯಬೇಕು. ಅವತ್ತು ಇಳಿದಿದ್ದರು. ಎಡಗಾಲು ಮುರಿದಿದೆ. ತಲೆಯ ಹಿಂಭಾಗಕ್ಕೆ ಏಟು. ಗಣಿ ಆಸ್ಪತ್ರೆಯ ಮಂಚದ ಮೇಲೆ ಮಲಗಿಸಿದ ಮೇಲೆ ಕಣ್ಣೇ ಬಿಟ್ಟಿರಲಿಲ್ಲ.

ಇವತ್ತು ಬೆಳಿಗ್ಗೆ ಬಿಟ್ಟರು. ನಾನು ಪಕ್ಕದಲ್ಲೇ ಇದ್ದೆ. ತುಟಿ ಅಲ್ಲಾಡಿತು. ನನ್ನ ಹೆಸರು ಕರೆಯುತ್ತಾರೆ ಅಂದುಕೊಂಡು ಬಗ್ಗಿ ಕಿವಿಗೊಟ್ಟೆ.

"ನಾಲ್ಕು ಲಕ್ಷದ ಒಂಬತ್ತು ಸಾವಿರದ ನೂರ ಐವತ್ತೊಂಬತ್ತು" ಅಂದರು.

ಅಷ್ಟೇ. ಮತ್ತೆ ಕಣ್ಣು ಮುಚ್ಚಿದರು. ನರ್ಸಮ್ಮ ಓಡಿ ಬಂದು "ಏನಂದರು, ಏನಂದರು?" ಎಂದು ಕೇಳಿದರು. "ಲೆಕ್ಕ" ಅಂದೆ. ಮದುವೆಯಾಗಿ ನಾಲ್ಕು ವರ್ಷ, ಸತ್ತು ಬದುಕಿ ಬಂದವರ ಬಾಯಲ್ಲಿ ಮೊದಲು ಬಂದದ್ದು ಲೆಕ್ಕ. ಸಿಟ್ಟು ಬಂತು. ಆಮೇಲೆ ವರಾಂಡಕ್ಕೆ ಹೋಗಿ ಕಂಬ ಹಿಡಿದುಕೊಂಡು ಅತ್ತುಬಿಟ್ಟೆ.

ಬುಧವಾರ, ೫ ಫೆಬ್ರವರಿ

ಅತ್ತೆ ಬಂದಿದ್ದಾರೆ. ಒಂದು ಚೀಲ ಅವರೆಕಾಯಿ, ಒಂದು ಗಂಟು ರಾಗಿ ಹಿಟ್ಟು. ಆಸ್ಪತ್ರೆಯ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ದೇವಸ್ಥಾನಕ್ಕೆ ಬಂದವರ ಹಾಗೆ ಒಳಗೆ ಬಂದರು.

ಡಾಕ್ಟರು ಮೈಸೂರಿನ ಕಡೆಯವರು, ಮೆತ್ತಗಿನ ಮಾತು. ಅತ್ತೆಯನ್ನು ತೋರಿಸಿ ಇವರನ್ನು ಕೇಳಿದರು: "ಇವರು ಯಾರು ಹೇಳಿ?" ಇವರು ಅತ್ತೆಯ ಮುಖ ನೋಡಿದರು. ಗೊತ್ತು ಎನ್ನುವ ಹಾಗೆ ಕಣ್ಣು ತುಂಬಿತು, ಮಾತು ಮಾತ್ರ ಬರಲಿಲ್ಲ. ತಡಕಾಡಿ ತಡಕಾಡಿ ಕಡೆಗೆ ಮತ್ತದೇ ಹೇಳಿದರು, ನಾಲ್ಕು ಲಕ್ಷದ ಒಂಬತ್ತು ಸಾವಿರದ ನೂರ ಐವತ್ತೊಂಬತ್ತು. ಒಂದು ಅಂಕಿಯೂ ತಪ್ಪಲಿಲ್ಲ.

ಡಾಕ್ಟರು ನನ್ನ ಕಡೆ ತಿರುಗಿ, "ಏನಮ್ಮ ಇದು? ಮನೆ ನಂಬರೋ?" ಅಂದರು.

ನನಗೆ ಗೊತ್ತಿತ್ತು. ಬೇರೆಯವರ ಗಂಡಂದಿರು ಇಸ್ಪೀಟು ಆಡುತ್ತಾರೆ. ಇವರು ಒಂದು ದೊಡ್ಡ ಸಂಖ್ಯೆ ಹಿಡಿದು ಅದರ ಕುಲಗೋತ್ರ ಹುಡುಕುತ್ತಾರೆ. ಯಾವುದರಿಂದ ಭಾಗವಾಗುತ್ತದೆ, ಭಾಗ ಮಾಡುವವೆಲ್ಲ ಕೂಡಿದರೆ ತನಗಿಂತ ಹೆಚ್ಚೋ ಕಡಿಮೆಯೋ, ಎರಡು ವರ್ಗಗಳು ಸೇರಿ ಆದದ್ದೋ ಅಲ್ಲವೋ. ಹೋದ ತಿಂಗಳು ನಾನು ಪಾತ್ರೆ ತೊಳೆಯುತ್ತಿದ್ದಾಗ ಹಿತ್ತಿಲ ಬಾಗಿಲಲ್ಲಿ ನಿಂತು ಈ ಸಂಖ್ಯೆಯನ್ನೇ ಹೇಳಿದ್ದರು. "ಅವಿಭಾಜ್ಯ ಅಂತ ಕಾಣುತ್ತೆ ಲಕ್ಷ್ಮೀ. ನೂರರವರೆಗೆ ಏನೂ ಹತ್ತಲಿಲ್ಲ." ನಾನು ಬೂದಿ ಕೇಳಿದೆ. ಇವರು ಬೂದಿ ತಂದುಕೊಟ್ಟು ಒಳಗೆ ಹೋದರು.

ಡಾಕ್ಟರಿಗೆ ಇಷ್ಟೂ ಹೇಳಿದೆ. ಅವರು ತಲೆಯಾಡಿಸಿ, "ಒಳ್ಳೇದು. ಅದನ್ನೇ ಹಿಡಿದು ಮಾತಾಡಿಸುತ್ತಾ ಇರಿ. ಒಂದು ಎಳೆ ಸಿಕ್ಕಿದೆ, ಬಿಡಬೇಡಿ" ಅಂದರು.

ಅತ್ತೆ ವರಾಂಡದಲ್ಲಿ ನನ್ನ ಸೆರಗು ಹಿಡಿದು ಕೇಳಿದರು. "ಅದೇನಮ್ಮಯ್ಯ ಅವನು ಅಂತಿರಾದು? ಮಂತ್ರವಾ?"

"ಸಂಖ್ಯೆ ಅತ್ತೆ. ಒಂದು ಮತ್ತು ತಾನು, ಇವೆರಡು ಬಿಟ್ಟರೆ ಬೇರೆ ಯಾವುದರಿಂದಲೂ ಒಡೆಯಲ್ಲ ಅಂತ ಅವರ ಅನುಮಾನ."

"ಒಡೆಯಲ್ವಾ?" ಅತ್ತೆ ಸೆರಗು ಬಿಟ್ಟರು. "ಅಂಗಾದ್ರೆ ಗಟ್ಟಿ ಐತೆ. ಅದು ಒಡೆಯೋಗಂಟ ನನ್ ಮಗನೂ ಒಡೆಯಲ್ಲ. ನೋಡ್ತಾ ಇರು."

ಹೇಳಿ ಅವರು ಮುಖ ತೊಳೆಯಲು ನಲ್ಲಿಯ ಹತ್ತಿರ ಹೋದರು. ನನಗೆ ಮಾತ್ರ ಆ ಮಾತು ಎದೆಯೊಳಗೆ ಕೂತಿದೆ.

ಭಾನುವಾರ, ೯ ಫೆಬ್ರವರಿ

ಕುಪ್ಪುಸ್ವಾಮಿ ಬಂದಿದ್ದರು. ಅಳತೆಯ ಸರಪಳಿಯ ಇನ್ನೊಂದು ತುದಿ ಹಿಡಿಯುವವರು ಅವರೇ. ಗಣಿಯ ಪಕ್ಕದ ಕೋರಮಂಡಲ್‌ನಲ್ಲಿ ಮನೆ. ಬಲಗೈಗೆ ಬಟ್ಟೆ ಕಟ್ಟಿ ಕುತ್ತಿಗೆಗೆ ತೂಗುಹಾಕಿಕೊಂಡಿದ್ದರು. ಇವರನ್ನು ಕಲ್ಲಿನಡಿಯಿಂದ ಎಳೆದವರು ಅವರೇ ಎಂದು ಇವತ್ತು ಗೊತ್ತಾಯಿತು, ಅದೂ ನರ್ಸಮ್ಮನಿಂದ.

"ಸಾರ್ ಚೈನ್ ಇಡ್ಕೋ ಅಂದ್ರು ತಂಗಚ್ಚಿ, ಇಡ್ಕಂಡೆ. ಡಮ್ ಅಂತು. ಲೈಟೆಲ್ಲ ಪೋಚು, ಕತ್ಲೆ. ಚೈನ್ ಮಾತ್ರ ನನ್ ಕೈಯಲ್ಲೇ ಇತ್ತು. ಅದನ್ನೇ ಇಡ್ಕಂಡು ಓದೆ, ಆ ಕಡೆ ಸಾರ್ ಇದ್ರು."

ಕೈ ಮುಗಿದೆ. ಅವರು "ಅಯ್ಯೋ ವೇಂಡಾಂಮಾ, ಬೇಡಮ್ಮ" ಎಂದು ಮುಖ ಆ ಕಡೆ ತಿರುಗಿಸಿದರು.

ಇವತ್ತು ಸ್ಲೇಟು ಮತ್ತು ಬಳಪ ತೆಗೆದುಕೊಂಡು ಹೋಗಿದ್ದೆ. ನನಗೆ ಲೆಕ್ಕ ಅಂದರೆ ಆಗುವುದಿಲ್ಲ. ಅಪ್ಪ ಊರಿನ ಶಾಲೆಯ ಮೇಷ್ಟ್ರು, ಮಗ್ಗಿ ತಪ್ಪಿದರೆ ಕಿವಿ ಹಿಂಡುತ್ತಿದ್ದರು, ಲೋಯರ್ ಸೆಕೆಂಡರಿ ಮುಗಿದ ದಿನ ಸ್ಲೇಟನ್ನು ಅಟ್ಟದ ಮೇಲೆ ಎಸೆದಿದ್ದೆ. ಆದರೂ ಕೂತೆ. ೪,೦೯,೧೫೯ ಎಂದು ದೊಡ್ಡದಾಗಿ ಬರೆದು ಇವರಿಗೆ ತೋರಿಸಿದೆ. ಇವರ ಕಣ್ಣು ಸ್ಲೇಟಿನ ಮೇಲೆ ನಿಂತಿತು. ಇಷ್ಟು ದಿನದಲ್ಲಿ ಕಣ್ಣು ಯಾವುದರ ಮೇಲಾದರೂ ಇಷ್ಟು ಹೊತ್ತು ನಿಂತದ್ದು ಇದೇ ಮೊದಲು.

ಏಳರಿಂದ ಭಾಗಿಸಿದೆ. ಎರಡು ಉಳಿಯಿತು. ಹನ್ನೊಂದರಿಂದ ಮೂರು. ಎರಡು ಸಲ ತಪ್ಪಿ ಒರೆಸಿದೆ. ಬೆನ್ನು ನೋಯುತ್ತಿದೆ. ಆದರೆ ಇವರು ನೋಡುತ್ತಿದ್ದರು.

ಬುಧವಾರ, ೧೨ ಫೆಬ್ರವರಿ

ಹದಿಮೂರರಿಂದ ಹತ್ತು ಉಳಿಯಿತು. ಹದಿನೇಳರಿಂದ ಮೂರು. ಹತ್ತೊಂಬತ್ತರಿಂದ ಹದಿಮೂರು. ಇಪ್ಪತ್ತಮೂರರಿಂದ ಹನ್ನೆರಡು. ಸೊಪ್ಪಿನ ಸಾರಿನಲ್ಲಿ ಒಂದು ತುತ್ತು ಮುದ್ದೆ ಉಂಡರು. "ಲಕ್ಷ್ಮಿ" ಅಂದರು.

ಮಂಗಳವಾರ, ೧೮ ಫೆಬ್ರವರಿ

ಕೆಟ್ಟ ದಿನ.

ನಿನ್ನೆಯಿಂದ ಜ್ವರ. ಹಾಗಿದ್ದರೂ ಮಾತು ಬರುತ್ತಿದೆ, ಅತ್ತೆಯನ್ನು "ಅವ್ವ" ಎಂದು ಕರೆದರು, ಕುಪ್ಪುಸ್ವಾಮಿಯ ಕೈ ಹೇಗಿದೆ ಎಂದು ಕೇಳಿದರು. ಡಾಕ್ಟರಿಗೆ ಸಂತೋಷವಾಗಿ, ನೋಡೋಣ ಎಂದು ಒಂದು ಸಣ್ಣ ಲೆಕ್ಕ ಕೇಳಿದರು. "ಏಳೆಂಟಲ ಎಷ್ಟು?"

ಇವರು ಬಾಯಿ ತೆರೆದರು. ಬರಲಿಲ್ಲ. ಮತ್ತೆ ತೆರೆದರು. ಬೆರಳು ಮಡಚಿ ಎಣಿಸಲು ಹೋಗಿ ಬೆರಳು ಸಾಲದೆ ನಿಂತರು. ನಕ್ಷೆಯ ಮೇಲೆ ಗಣಿಯ ಅಷ್ಟೂ ಸುರಂಗಗಳನ್ನು ಅಂಗುಲದ ಲೆಕ್ಕದಲ್ಲಿ ಇಳಿಸುವ ಮನುಷ್ಯ. ಕಣ್ಣಲ್ಲಿ ನೀರು ಸುರಿಯಿತು. ಡಾಕ್ಟರು "ಇರಲಿ, ಇರಲಿ, ಆತುರ ಇಲ್ಲ" ಎಂದು ಕಂಬಳಿ ಸರಿಮಾಡಿದರು.

ಹೊರಗೆ ಬಂದು ನನಗೆ ಹೇಳಿದರು. ಕಾಲು ಕೂಡಿಕೊಳ್ಳುತ್ತದೆ, ಜೀವಕ್ಕೆ ಭಯವಿಲ್ಲ, ಆದರೆ ಲೆಕ್ಕ ವಾಪಸು ಬಾರದಿದ್ದರೆ ಸರ್ವೆ ಆಫೀಸಿಗೆ ಕಳಿಸಲು ತಾವು ಒಪ್ಪುವಂತಿಲ್ಲ. "ಅವರ ಅಂಕಿ ತಪ್ಪಿದರೆ ಕೆಳಗಿರುವವರ ತಲೆ ಮೇಲೆ ಬರುತ್ತೆ. ನಿಮಗೆ ಅರ್ಥವಾಗುತ್ತಲ್ಲ?"

ಅರ್ಥವಾಗುತ್ತದೆ. ಬೇರೆ ಕೆಲಸ ಏನಾದರೂ ಸಿಕ್ಕೀತು. ಆದರೆ ಇವರು ಬೇರೆಯವರಾಗಿ ಹೋಗುತ್ತಾರೆ.

ರೈಲಿನಲ್ಲಿ ಬರುವಾಗ ಗಣಿಯವರು ಕಲ್ಲು ಪುಡಿ ಮಾಡಿ ಸುರಿದ ಬೂದಿ ಬಣ್ಣದ ದಿಬ್ಬಗಳ ಧೂಳು ಕಿಟಕಿಯಲ್ಲಿ ನುಗ್ಗುತ್ತಿತ್ತು. ಕಣ್ಣು ಮುಚ್ಚಿಕೊಂಡು ಬೇಡಿಕೊಂಡೆ. ಯಾವ ದೇವರಿಗೆ ಎಂದು ಗೊತ್ತಿಲ್ಲ. ಆ ಸಂಖ್ಯೆ ಒಡೆಯದೆ ಇರಲಿ. ಎಲ್ಲಿಯೂ ಸೊನ್ನೆ ಬರದೆ ಇರಲಿ. ಇವರ ಮಾತು ನಿಜವಾಗಲಿ, ಅದು ಗಟ್ಟಿಯಾಗಿ ನಿಲ್ಲಲಿ. ಈಗ ಪ್ರತಿ ಸಲ ಭಾಗಿಸುವಾಗಲೂ ಕಡೆಯ ಅಂಕಿ ಇಳಿಸುವ ಮೊದಲು ಇವರ ಮುಖ ನೋಡುತ್ತೇನೆ.

ಶನಿವಾರ, ೨೨ ಫೆಬ್ರವರಿ

ಜ್ವರ ಇಳಿದಿದೆ. ದೇವರು ದೊಡ್ಡವನು.

ಇವತ್ತು ನೂರ ಐವತ್ತು ದಾಟಿದೆ. ಎಲ್ಲದರಿಂದಲೂ ಭಾಗಿಸಬೇಕಿಲ್ಲ ಎಂದು ಮೊದಲ ವಾರವೇ ಗೊತ್ತಾಗಿತ್ತು. ಮೂರರಿಂದ ಆಗದ್ದು ಒಂಬತ್ತರಿಂದಲೂ ಆಗುವುದಿಲ್ಲವಲ್ಲ, ಹಾಗಾಗಿ ಅವಿಭಾಜ್ಯಗಳಿಂದ ಮಾತ್ರ ಭಾಗಿಸಿದರೆ ಸಾಕು. ಎಲ್ಲಿ ನಿಲ್ಲಿಸಬೇಕು ಎಂಬುದನ್ನೂ ಕಂಡುಕೊಂಡೆ. ೬೩೯ನ್ನು ಅದರಿಂದಲೇ ಗುಣಿಸಿದರೆ ನಮ್ಮದಕ್ಕಿಂತ ಕಡಿಮೆ, ೬೪೦ನ್ನು ಗುಣಿಸಿದರೆ ಹೆಚ್ಚು. ಒಡೆಯುವುದಾದರೆ ಎರಡು ಚೂರಿನಲ್ಲಿ ಸಣ್ಣದು ೬೪೦ರ ಒಳಗೇ ಸಿಗಬೇಕು. ಅಲ್ಲಿವರೆಗೆ ಏನೂ ಸಿಗದಿದ್ದರೆ ಅವಿಭಾಜ್ಯ, ಗೆದ್ದ ಹಾಗೆ.

ಇವರು ಇವತ್ತು ತಾವಾಗಿ ಒಂದು ಮಾತು ಅಂದರು. ನಾನು ಸ್ಲೇಟಿನ ಮೂಲೆಯಲ್ಲಿ ಅಂಕಿಗಳನ್ನು ಕೂಡಿದ್ದೆ, ನಾಲ್ಕು, ಸೊನ್ನೆ, ಒಂಬತ್ತು, ಒಂದು, ಐದು, ಒಂಬತ್ತು, ಒಟ್ಟು ಇಪ್ಪತ್ತೆಂಟು. ಇವರು ಅದನ್ನು ನೋಡಿ "ಇಪ್ಪತ್ತೆಂಟು ಒಳ್ಳೇದು" ಅಂದರು. ಯಾಕೆ ಎಂದರೆ ಹೇಳಲು ಬರಲಿಲ್ಲ, ಹಣೆ ಉಜ್ಜಿಕೊಂಡರು. ದಾರಿಯುದ್ದಕ್ಕೂ ಯೋಚಿಸಿದೆ. ಮನೆಗೆ ಬಂದು ಅವರೆಕಾಯಿ ಬಿಡಿಸುತ್ತಾ ಕೂತಾಗ ಸಿಕ್ಕಿತು. ತನ್ನನ್ನು ಬಿಟ್ಟರೆ ಇಪ್ಪತ್ತೆಂಟನ್ನು ಭಾಗಿಸುವವು ಒಂದು, ಎರಡು, ನಾಲ್ಕು, ಏಳು, ಹದಿನಾಲ್ಕು. ಕೂಡಿದರೆ ಮತ್ತೆ ಇಪ್ಪತ್ತೆಂಟೇ! ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಅದೇ ಗುಂಗಿನಲ್ಲಿ ಇನ್ನೊಂದೂ ಹೊಳೆಯಿತು. ಯಾವ ವರ್ಗವನ್ನು ನಾಲ್ಕರಿಂದ ಭಾಗಿಸಿದರೂ ಸೊನ್ನೆಯೋ ಒಂದೋ ಉಳಿಯುತ್ತದೆ. ಎರಡು ವರ್ಗ ಕೂಡಿದರೆ ಹೆಚ್ಚೆಂದರೆ ಎರಡು. ನಮ್ಮದಕ್ಕೆ ಮೂರು ಉಳಿಯುತ್ತದೆ. ಅಂದ ಮೇಲೆ ಅದು ಎರಡು ವರ್ಗ ಸೇರಿ ಆದದ್ದಲ್ಲ, ಹುಡುಕುವುದೇ ಬೇಡ.

ಅತ್ತೆ ಬಂದು, "ಕಾಳು ಯಾವುದು, ಸಿಪ್ಪೆ ಯಾವುದು ನೋಡಮ್ಮಯ್ಯ, ಎಲ್ಡೂ ಒಂದರಾಗೇ ಆಕ್ತಾ ಇದೀಯ" ಅಂದರು.

ಗುರುವಾರ, ೨೭ ಫೆಬ್ರವರಿ

ಹೇಗೆ ಬರೆಯಲಿ.

ಬೆಳಗಿನ ರೈಲಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಇನ್ನೂ ಮುನ್ನೂರರ ಹತ್ತಿರ ಇದ್ದೇನೆ, ೬೪೦ ಯಾವಾಗ ಬಂದೀತು ಎಂದು ಸುಮ್ಮನೆ ಅದನ್ನೇ ನೆನೆಯುತ್ತಿದ್ದೆ. ೬೪೦ರ ವರ್ಗ ನಾಲ್ಕು ಲಕ್ಷದ ಒಂಬತ್ತು ಸಾವಿರದ ಆರುನೂರು. ನಮ್ಮ ಸಂಖ್ಯೆ ಅದಕ್ಕೆ ಎಷ್ಟು ಕಡಿಮೆ? ನಾನೂರ ನಲವತ್ತೊಂದು. ನಾನೂರ ನಲವತ್ತೊಂದು ಎಂದರೆ ಇಪ್ಪತ್ತೊಂದು ಇಪ್ಪತ್ತೊಂದಲ.

ಎರಡು ವರ್ಗಗಳ ವ್ಯತ್ಯಾಸ ಎಂದರೆ ಅವುಗಳ ಮೂಲಗಳ ಮೊತ್ತವನ್ನು ವ್ಯತ್ಯಾಸದಿಂದ ಗುಣಿಸಿದ್ದು. ಲೋಯರ್ ಸೆಕೆಂಡರಿಯಲ್ಲಿ ಬಾಯಿಪಾಠ ಮಾಡಿಸಿದ್ದರು, ಯಾತಕ್ಕೆ ಎಂದು ಯಾರೂ ಹೇಳಿರಲಿಲ್ಲ. ೬೪೦ಕ್ಕೆ ೨೧ ಕೂಡಿದರೆ ೬೬೧. ಕಳೆದರೆ ೬೧೯. ಜೋರಾಗಿ ನಕ್ಕುಬಿಟ್ಟೆ. ಎದುರು ಕೂತಿದ್ದ ಹೆಂಗಸು ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು.

ಇಳಿದು ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಸ್ಲೇಟು ಇಟ್ಟುಕೊಂಡು ಗುಣಿಸಿದೆ. ೬೧೯ ಗುಣಿಸು ೬೬೧. ೪,೦೯,೧೫೯. ಮತ್ತೆ ಗುಣಿಸಿದೆ. ಅದೇ.

ಆಮೇಲೆ ಅತ್ತೆಯ ಮಾತು ನೆನಪಾಯಿತು.

ಒಡೆದುಹೋಯಿತು. ನಾನೇ ಒಡೆದೆ. ಒಡೆಯದಿರಲಿ ಎಂದು ಬೇಡಿಕೊಂಡವಳೂ ನಾನೇ. ಸ್ಲೇಟು ಒರೆಸಿ, ಮತ್ತೆ ಒರೆಸಿ, ಆಸ್ಪತ್ರೆಗೆ ಓಡಿದೆ.

ಇವರು ದಿಂಬಿಗೆ ಒರಗಿ ಕೂತಿದ್ದರು. ಕುಪ್ಪುಸ್ವಾಮಿ ಎಡಗೈಯಲ್ಲಿ ಇಡ್ಲಿ ಮುರಿದು ಕೊಡುತ್ತಿದ್ದರು, ಇವರು ತಿನ್ನುತ್ತಿದ್ದರು. ನನ್ನನ್ನು ನೋಡಿ, "ಯಾಕೆ ಹೀಗೆ ಏದುಸಿರು? ನಾಯಿ ಅಟ್ಟಿಸಿಕೊಂಡು ಬಂತಾ?" ಅಂದರು. ಇಷ್ಟು ಉದ್ದದ ಮಾತು!

ಎಲ್ಲಿಗೆ ಬಂತು ಎಂದು ಕೇಳಿದರು. "ಮುನ್ನೂರರ ಹತ್ತಿರ" ಅಂದೆ. ಇವರ ಮುಂದೆ ೩೦೭ರಿಂದ ಭಾಗಿಸಿದೆ. ೨೩೫ ಉಳಿಯಿತು.

ಭಾನುವಾರ, ೧ ಮಾರ್ಚ್

ಮನೆಗೆ ಕರೆತಂದೆವು! ಸ್ಟೇಷನ್ನಿನಿಂದ ಕುರ್ಚಿಯ ಮೇಲೆ ಕೂರಿಸಿ, ಕುಪ್ಪುಸ್ವಾಮಿಯ ಇಬ್ಬರು ತಮ್ಮಂದಿರು ಹೊತ್ತು ತಂದರು, ಕುಪ್ಪುಸ್ವಾಮಿ ಎಡಗೈಯಲ್ಲಿ ಕುರ್ಚಿಯ ಬೆನ್ನು ಹಿಡಿದಿದ್ದರು. ಅತ್ತೆ ಬಾಗಿಲಲ್ಲಿ ದೃಷ್ಟಿ ತೆಗೆದರು. ಕಾಲಿನ ಕಟ್ಟು ಇನ್ನೂ ಇದೆ. ಜಗಲಿಯಲ್ಲಿ ಹಾಸಿಗೆ ಹಾಕಿದ್ದೇವೆ, ರಸ್ತೆ ಕಾಣುವ ಹಾಗೆ.

ನನಗೆ ನಗು ಬರುತ್ತಿದೆ, ಆದರೆ ೬೧೯ರ ವಿಷಯ ಇನ್ನೂ ಹೇಳಿಲ್ಲ.

ಗುರುವಾರ, ೫ ಮಾರ್ಚ್

ಸುಳ್ಳು ಭಾಗಾಕಾರ ಮಾಡುವುದು ಎಷ್ಟು ಬೇಸರ! ೪೦೧ರಿಂದ ೧೩೯ ಉಳಿಯಿತು. ಉಳಿಯುತ್ತದೆ ಎಂದು ಮೊದಲೇ ಗೊತ್ತು. ೬೧೯, ೬೬೧ ಎರಡೂ ಅವಿಭಾಜ್ಯ ಎಂದು ಆಗಲೇ ಪರೀಕ್ಷಿಸಿದ್ದೇನೆ, ಅವುಗಳನ್ನು ಬಿಟ್ಟು ಬೇರೆ ಯಾವುದೂ ಹತ್ತುವುದಿಲ್ಲ. ಆದರೂ ಇವರೆದುರು ಬಳಪ ಸವೆಸುತ್ತಿದ್ದೇನೆ.

ಸೌದೆ ಒಟ್ಟುವಾಗ ಒಂದು ಮಾತು ಹೊಳೆದು ಕೈ ನಿಂತಿತು. ಅದು ನಾನು ಕಂಡ ದಿನ ಒಡೆದದ್ದಲ್ಲ. ಇವರು ಜ್ವರದಲ್ಲಿ ಮಲಗಿದ್ದಾಗಲೂ ೬೧೯ರ ಮಗ್ಗಿಯಲ್ಲೇ ಇತ್ತು, ಕಣ್ಣು ಬಿಟ್ಟಾಗಲೂ ಇತ್ತು, ಮುದ್ದೆ ಉಂಡಾಗಲೂ ಇತ್ತು. ಹಾಗಾದರೆ ನಾನು ಏನನ್ನು ಬಚ್ಚಿಡುತ್ತಿದ್ದೇನೆ?

ಗೊತ್ತಿಲ್ಲ. ಆದರೆ ಇವರಿಗೆ ಅದು ಅವಿಭಾಜ್ಯವೇ ಎಂಬ ನಂಬಿಕೆ. ಕುಪ್ಪುಸ್ವಾಮಿಗೂ ಹೇಳುತ್ತಿದ್ದರು. ಇರುವ ಒಂದು ಎಳೆಯನ್ನು ಹೇಗೆ ಕತ್ತರಿಸಲಿ?

ಶನಿವಾರ, ೭ ಮಾರ್ಚ್

ಬೆಳಿಗ್ಗೆ ಕುಪ್ಪುಸ್ವಾಮಿ ಬಂದು ಹೇಳಿದರು, ಹದಿನೇಳನೆಯ ತಾರೀಖು ಡಾಕ್ಟರು ಇವರನ್ನು ಪರೀಕ್ಷೆ ಮಾಡುತ್ತಾರೆ, ಆಫೀಸಿನಲ್ಲಿ ಜಾಗ ಕಾದಿರಿಸಿದ್ದಾರೆ. ಅವರು ಹೋದ ಮೇಲೆ ಇವರು ಗೋಡೆಯ ಕಡೆ ತಿರುಗಿ ಮಲಗಿದರು.

"ನಾನು ಹೋಗಲ್ಲ ಲಕ್ಷ್ಮೀ."

"ಯಾಕೆ?"

"ಏಳೆಂಟಲ ಕೇಳುತ್ತಾರೆ. ಅವತ್ತಿನ ಹಾಗೆ ಆಗುತ್ತೆ."

"ಈಗ ಬರುತ್ತಾ, ನೋಡಿ."

"ನೋಡಲ್ಲ. ಬರದಿದ್ದರೆ?"

ಅಲ್ಲಿಗೆ ಅರ್ಥವಾಯಿತು. ಇವರು ಆ ದಿನದಿಂದ ಒಂದು ಲೆಕ್ಕವನ್ನೂ ಮಾಡಿಯೇ ಇಲ್ಲ. ನನ್ನ ಸ್ಲೇಟು ನೋಡುತ್ತಾರೆ, ಶೇಷ ಕೇಳುತ್ತಾರೆ, ತಾವು ಮಾತ್ರ ಒಳಗೆ ಕೈ ಹಾಕುವುದಿಲ್ಲ. ಹೆದರಿಕೆ. ನನ್ನ ಹಾಗೆಯೇ.

ಒಳಗೆ ಹೋಗಿ ನೀರು ಕುಡಿದು ಬಂದೆ. ಸ್ಲೇಟು ತರಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕೂತು, ಬೇರೆ ಏನೋ ಕೇಳುವವಳ ಹಾಗೆ ಕೇಳಿದೆ. "ರೀ, ಆರುನೂರ ನಲವತ್ತರ ವರ್ಗ ಎಷ್ಟಾಗುತ್ತೆ? ನನಗೆ ಸ್ಲೇಟು ತರೋದಕ್ಕೆ ಬೇಜಾರು."

ರಸ್ತೆಯಲ್ಲಿ ಒಂದು ಎತ್ತಿನಗಾಡಿ ಹೋಯಿತು. ಅದರ ಸದ್ದು ಪೂರ್ತಿ ಅಡಗಿದ ಮೇಲೆ ಗೋಡೆಯ ಕಡೆಯಿಂದಲೇ ಹೇಳಿದರು.

"ಅರವತ್ತನಾಲ್ಕರ ವರ್ಗ... ನಾಲ್ಕು ಸಾವಿರದ ತೊಂಬತ್ತಾರು. ಎರಡು ಸೊನ್ನೆ. ನಾಲ್ಕು ಲಕ್ಷದ ಒಂಬತ್ತು ಸಾವಿರದ ಆರುನೂರು."

"ನಮ್ಮದು ಅದಕ್ಕೆ ಎಷ್ಟು ಕಡಿಮೆ?"

"ನಾನೂರ ನಲವತ್ತೊಂದು."

ನಿಧಾನವಾಗಿ ನನ್ನ ಕಡೆ ತಿರುಗಿದರು. ಕಟ್ಟು ಹಾಕಿದ ಕಾಲು ನೊಂದಿರಬೇಕು, ಅದರ ಕಡೆ ಗಮನವೇ ಇಲ್ಲ.

"ಇಪ್ಪತ್ತೊಂದರ ವರ್ಗ!" ಅಂದರು. "ಲಕ್ಷ್ಮೀ, ಇದು ಒಡೆಯುತ್ತೆ ಕಣೇ! ಆರುನೂರ ಹತ್ತೊಂಬತ್ತು, ಆರುನೂರ ಅರವತ್ತೊಂದು! ನಾನು ನೂರರವರೆಗೆ ನೋಡಿ ಅವಿಭಾಜ್ಯ ಅಂತ ಊರೆಲ್ಲ ಹೇಳಿಕೊಂಡು ಬಂದೆನಲ್ಲ, ಕತ್ತೆ ನಾನು!"

ಎಂದು ನಗತೊಡಗಿದರು. ತಲೆ ನೋಯುತ್ತದೆ ಎಂದು ಎರಡು ಕೈಯಲ್ಲಿ ತಲೆ ಹಿಡಿದುಕೊಂಡೂ ನಕ್ಕರು. ನಾನು ಅಳುತ್ತಿದ್ದೆ.

"ಬೇಜಾರಾಗಲಿಲ್ವಾ? ಒಡೆಯಲ್ಲ ಅಂತಿದ್ದಿರಿ."

"ಬೇಜಾರು ಯಾಕೆ? ಅದು ಏನು ಅಂತ ಗೊತ್ತಾಯಿತಲ್ಲ." ಆಮೇಲೆ ನನ್ನ ಮುಖವನ್ನೇ ನೋಡಿದರು. "ನಿನಗೆ ಮೊದಲೇ ಗೊತ್ತಿತ್ತು."

"ಹೂಂ."

"ಯಾವಾಗಿನಿಂದ?"

"ರೈಲಿನಲ್ಲಿ. ಹೋದ ವಾರ."

"ಹಾಗಾದರೆ ಈ ನಾನೂರ ಒಂದು, ನಾನೂರ ಒಂಬತ್ತು ಎಲ್ಲ?"

"ನಾಟಕ" ಅಂದೆ. ಮತ್ತೆ ನಕ್ಕರು.

ಸೆರಗಿನಲ್ಲಿ ಮುಖ ಒರೆಸಿಕೊಂಡು ಏಳುವಷ್ಟರಲ್ಲಿ, "ಐವತ್ತಾರು" ಅಂದರು. ಮೆಲ್ಲಗೆ, ತಮಗೆ ತಾವೇ.

ಸೋಮವಾರ, ೯ ಮಾರ್ಚ್

ಅತ್ತೆಗೆ ಹೇಳಲು ಎರಡು ದಿನ ಧೈರ್ಯ ಬರಲಿಲ್ಲ. ಇವತ್ತು ರಾಗಿ ಬೀಸುವಾಗ ಹೇಳಿದೆ. "ಅತ್ತೆ, ಆ ಸಂಖ್ಯೆ ಒಡೆಯಿತು."

"ಯಾವ ಸಂಖ್ಯೆ?"

"ಅದೇ, ಇವರು ಆಸ್ಪತ್ರೆಯಲ್ಲಿ ಹೇಳುತ್ತಿದ್ದರಲ್ಲ. ಅದು ಒಡೆಯುವವರೆಗೆ ಇವರೂ ಒಡೆಯಲ್ಲ ಅಂದಿದ್ದಿರಿ ನೀವು."

ಅತ್ತೆ ಕಲ್ಲು ನಿಲ್ಲಿಸಿದರು. "ಅಂಗಂದಿದ್ನಾ ನಾನು? ಅವತ್ತು ಬಾಯಿಗೆ ಬಂದಿದ್ದೆಲ್ಲ ಅಂದಿವ್ನಿ ತಾಯಿ. ನಿನ್ ಮುಕ ನೋಡಕಾಗ್ತಿರ್ಲಿಲ್ಲ, ಏನೋ ಒಂದು ಅಂದೆ. ಒಡೀಲಿ ಬುಡು ಅತ್ಲಾಗೆ. ಅವನು ಎಲ್ಡು ಮುದ್ದೆ ಉಣ್ತಾವ್ನೆ, ಅದ್ ನೋಡು."

ಮತ್ತೆ ಬೀಸತೊಡಗಿದರು. ನಾನು ಎಷ್ಟು ದಿನ ಹೊತ್ತೆ ಅದನ್ನು! ನನಗೂ ನಗು ಬಂತು.

ಶುಕ್ರವಾರ, ೧೩ ಮಾರ್ಚ್

ಇಬ್ಬರೂ ಸೇರಿ ಅದರ ಕುಲಗೋತ್ರ ಪೂರ್ತಿ ಮಾಡಿದೆವು. ಬೆಸ. ಎರಡು ಅವಿಭಾಜ್ಯಗಳ ಗುಣಲಬ್ಧ. ತನ್ನನ್ನು ಬಿಟ್ಟರೆ ಅದನ್ನು ಭಾಗಿಸುವವು ಒಂದು, ೬೧೯, ೬೬೧, ಕೂಡಿದರೆ ಬರೀ ೧,೨೮೧. ಇಪ್ಪತ್ತೆಂಟರ ಹಾಗೆ ತುಂಬಿದ್ದಲ್ಲ, ತುಂಬಾ ಕೊರತೆಯದು. "ನಾಲ್ಕು ಲಕ್ಷದ ಯಜಮಾನ, ಮನೆಯಲ್ಲಿ ಮೂರೇ ಜನ" ಅಂದರು ಇವರು.

ಎರಡು ವರ್ಗ ಸೇರಿ ಆದದ್ದಲ್ಲ ಎಂದು ನಾನು ಹೇಳಿದಾಗ, ಹೇಗೆ ಗೊತ್ತು ಎಂದರು. ನಾಲ್ಕರ ಲೆಕ್ಕ ಹೇಳಿದೆ. ಎರಡು ಸಲ ಹೇಳಿಸಿಕೊಂಡರು. "ಹಾಗಾದರೆ ೬೬೧?" ಅದಕ್ಕೆ ಒಂದು ಉಳಿಯುತ್ತದೆ, ಇರಬಹುದು ಎಂದು ಹುಡುಕಿದೆ. ಇಪ್ಪತ್ತೈದರ ವರ್ಗ, ಆರರ ವರ್ಗ. ೬೨೫ ಮತ್ತು ೩೬. ಇವರಿಗಿಂತ ಮೊದಲು ನನಗೇ ಸಿಕ್ಕಿತು. ಇವರಿಗೆ ಸ್ವಲ್ಪ ಸುಸ್ತು ಇನ್ನೂ.

ಸಾರು ತಳ ಹಿಡಿದಿತ್ತು. ಅತ್ತೆ ಬೇರೆ ಮಾಡಿದರು.

ಮಂಗಳವಾರ, ೧೭ ಮಾರ್ಚ್

ಪಾಸು.

ಡಾಕ್ಟರು ಏಳೆಂಟಲ ಕೇಳಲೇ ಇಲ್ಲ. ಹದಿನೇಳು ಹತ್ತೊಂಬತ್ತಲ ಕೇಳಿದರು. ಇವರು ಸ್ವಲ್ಪ ತಡೆದು ಹೇಳಿದರು, ಹದಿನೆಂಟರ ವರ್ಗಕ್ಕೆ ಒಂದು ಕಡಿಮೆ, ಮುನ್ನೂರ ಇಪ್ಪತ್ಮೂರು. ಡಾಕ್ಟರು ಕಾಗದದ ಮೇಲೆ ಗುಣಿಸಿ ನೋಡಿ ನಕ್ಕರು. ಕಟ್ಟು ಬಿಚ್ಚಿದ ಮೇಲೆ, ಕೋಲು ಹಿಡಿದು ನಡೆಯಲು ಬಂದ ಕೂಡಲೇ ಕೆಲಸಕ್ಕೆ ಹೋಗಬಹುದು. ನಕ್ಷೆಯ ಮೇಜಿನಲ್ಲಿ ಮಾತ್ರ, ಕೆಳಗೆ ಇಳಿಯುವಂತಿಲ್ಲ. ಕುಪ್ಪುಸ್ವಾಮಿಗೂ ಕೈ ಬಲವಾಗುವವರೆಗೆ ಮೇಲೆಯೇ ಕೆಲಸ.

ಹೊರಗೆ ಬಂದು ಬೇವಿನ ಮರದ ಕೆಳಗೆ ನಾವು ಮೂವರೂ ಕೂತೆವು. ಗಾಳಿ ತಣ್ಣಗಿತ್ತು. ಕುಪ್ಪುಸ್ವಾಮಿ ಎದ್ದು ಹೋಗಿ ಮೂರು ಲೋಟ ಟೀ ತಂದರು.

ಭಾನುವಾರ, ೨೯ ಮಾರ್ಚ್

ಯುಗಾದಿ ಮುಗಿಯಿತು. ಅತ್ತೆಯನ್ನು ಕಾಮಸಮುದ್ರದ ರೈಲು ಹತ್ತಿಸಿ ಬಂದೆ. "ಅವನ್ನ ನೋಡ್ಕಾ. ನೀನೂ ವಸಿ ಒಟ್ಟೆಗೆ ತಿನ್ನು. ಬತ್ತೀನಿ" ಅಂದರು. ರೈಲು ಹೊರಟ ಮೇಲೆ ಅಳು ಬಂತು. ಈ ಸಲ ಅವರೆದುರೇ ಅತ್ತುಬಿಟ್ಟೆ, ಅವರು ಕಿಟಕಿಯಿಂದ ಕೈ ಬೀಸುತ್ತಾ ತಾವೂ ಅಳುತ್ತಿದ್ದರು.

ಸೋಮವಾರ, ೬ ಏಪ್ರಿಲ್

ಇವರು ಇವತ್ತು ಕೆಲಸಕ್ಕೆ ಹೋದರು. ಕೋಲು ಊರಿಕೊಂಡು, ಕುಪ್ಪುಸ್ವಾಮಿ ಇಸ್ತ್ರಿ ಮಾಡಿಸಿ ಕಳಿಸಿದ ಕೋಟು ಹಾಕಿಕೊಂಡು.

ಮನೆ ಖಾಲಿ ಅನ್ನಿಸಿತು. ಗುಡಿಸಿ, ಸಾರಿಸಿ, ಸ್ಲೇಟು ತೆಗೆದುಕೊಂಡು ಜಗಲಿಯಲ್ಲಿ ಕೂತೆ. ಹತ್ತು ಲಕ್ಷದ ಒಂದು ಹಿಡಿದಿದ್ದೇನೆ. ನೋಡಲು ಎಷ್ಟು ಬೋಳು, ಎರಡು ತುದಿಯಲ್ಲಿ ಒಂದೊಂದು, ನಡುವೆ ಬರೀ ಸೊನ್ನೆ. ಮೂರು, ಏಳು, ಹನ್ನೊಂದು ಯಾವುದೂ ಹತ್ತಲಿಲ್ಲ. ಐವತ್ತು ದಾಟಿತು. ತೊಂಬತ್ತೇಳು ಆಯಿತು. ಒಡೆಯುತ್ತದೋ ಇಲ್ಲವೋ ಬೇಗ ತಿಳಿಯಬೇಕು ಎಂದು ಕೈ ಓಡುತ್ತಿತ್ತು.

"ಲಕ್ಷ್ಮೀ" ಎಂದು ಯಾರೋ ಕರೆದ ಹಾಗಾಯಿತು. ಮತ್ತೆ ಕರೆದರು. ತಲೆಯೆತ್ತಿದರೆ ಇವರು ಮೆಟ್ಟಿಲ ಕೆಳಗೆ ನಿಂತಿದ್ದಾರೆ. ಸಂಜೆಯಾಗಿತ್ತು. ರೈಲು ಬಂದದ್ದೂ ಕೇಳಿಸಿರಲಿಲ್ಲ.

"ಒಂದು ನಿಮಿಷ ಇರಿ, ನೂರ ಒಂದರಲ್ಲಿದ್ದೇನೆ" ಅಂದೆ.

ಇವರು ಕೋಲನ್ನು ಗೋಡೆಗೆ ಒರಗಿಸಿ, ಮೆಟ್ಟಿಲ ಮೇಲೆ ಕೂತು, ಬೂಟಿನ ಲಾಡಿ ಬಿಚ್ಚುತ್ತಾ ಕಾದರು.

ಸೊನ್ನೆ ಬಂತು! ೧೦೧ ಗುಣಿಸು ೯,೯೦೧. ಸ್ಲೇಟು ತಿರುಗಿಸಿ ತೋರಿಸಿದೆ. ಇವರು ನೋಡಿ, "೯,೯೦೧ ಒಡೆಯುತ್ತಾ?" ಎಂದು ಬಳಪಕ್ಕೆ ಕೈ ಚಾಚಿದರು. ಕೊಡಲಿಲ್ಲ. ಅದು ನನ್ನದು, ನಾಳೆಗೆ.